ಗಂಟೆ, ಗುದ್ದಲಿ, ಗ್ರೀಕ್: ಅಕ್ರೊಪಾಂಗ್ ಸೆಮಿನರಿಯ ಬಾಳ್ವೆ

ಘಾನಾದ ರಾಜಧಾನಿ ಅಕ್ರಾ ಕಡಲ ಸೆಕೆಯ ಊರು. ಅಲ್ಲಿಂದ ಉತ್ತರಕ್ಕೆ ಹೊರಟು ಐವತ್ತು ಕಿಲೋಮೀಟರ್ ಆಸುಪಾಸು ಸಾಗುವಷ್ಟರಲ್ಲಿ ರಸ್ತೆ ಅಕುವಾಪೆಮ್ ಗುಡ್ಡಸಾಲಿನ ನೆತ್ತಿಗೆ ಬಂದಿರುತ್ತದೆ. ಗಾಳಿ ತಂಪಾಗುತ್ತದೆ. ಈ ಸಾಲಿನ ಮೇಲಿರುವ ಅಕ್ರೊಪಾಂಗ್, ಹಳೆಯ ಅಕುವಾಪೆಮ್ ಅರಸರ ಪಟ್ಟದ ಊರು. ಅಲ್ಲಿ 1848ರ ಜುಲೈ 3ರಂದು ಐದೇ ಐದು ಹುಡುಗರನ್ನು ಕೂರಿಸಿಕೊಂಡು ಒಂದು ಸೆಮಿನರಿ ಶುರುವಾಯಿತು. ಊರೂರಿಗೆ ಉಪದೇಶಿಗಳನ್ನೂ ಶಾಲಾ ಮಾಸ್ತರರನ್ನೂ ತಯಾರು ಮಾಡಿ ಕಳಿಸುವುದು ಅದರ ಕೆಲಸ. ಮುಂದೆ ಆ ಸೀಮೆಯ ಪ್ರೊಟೆಸ್ಟೆಂಟ್ ಸಭೆಗಳಿಗೆ ಪಾದ್ರಿಗಳೂ ಬಹುಮಟ್ಟಿಗೆ ಇದೇ ಗರಡಿಯಿಂದ ಬಂದರು. ಇಂದು ಅದು ಪ್ರೆಸ್ಬಿಟೇರಿಯನ್ ಸಭೆಯ ಶಿಕ್ಷಣ ಕಾಲೇಜು.

ಆ ಸೆಮಿನರಿ ತೆರೆದವರು ಬಾಸೆಲ್ ಮಿಷನ್ನಿನವರು. ಹೆಸರು ಕೇಳಿದೊಡನೆ ಕರಾವಳಿಯವರಿಗೆ ಹೆಂಚು, ಧಾರವಾಡದವರಿಗೆ ಹೈಸ್ಕೂಲು, ಪುಸ್ತಕದ ಹುಚ್ಚಿನವರಿಗೆ ಕಿಟೆಲ್ ನೆನಪಾಗುವುದು ಸಹಜ. 1834ರಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರನ್ನು ಮಂಗಳೂರಿಗೆ ಕಳಿಸುವ ಹೊತ್ತಿಗಾಗಲೇ ಈ ಸಂಸ್ಥೆ, ಆಗ ಗೋಲ್ಡ್ ಕೋಸ್ಟ್ ಎನ್ನಿಸಿಕೊಂಡಿದ್ದ ಈಗಿನ ಘಾನಾದಲ್ಲಿ ಕೈ ಸುಟ್ಟುಕೊಂಡಿತ್ತು. 1828ರ ಡಿಸೆಂಬರಿನಲ್ಲಿ ಅಲ್ಲಿನ ಕ್ರಿಶ್ಚಿಯನ್ಸ್‌ಬೋರ್ಗ್ ಕೋಟೆಯ ಬಳಿ ಇಳಿದ ನಾಲ್ವರಲ್ಲಿ ಮೂವರು ವರ್ಷ ತುಂಬುವುದರೊಳಗೆ ಜ್ವರಕ್ಕೆ ಬಲಿಯಾದರು. ನಾಲ್ಕನೆಯವನು 1831ರಲ್ಲಿ ತೀರಿಕೊಂಡ. ಮರುವರ್ಷ ಮತ್ತೆ ಮೂವರು ಬಂದರು; ಅವರಲ್ಲಿ ಉಳಿದವನು ಆಂಡ್ರಿಯಾಸ್ ರೀಸ್ ಒಬ್ಬನೇ. ಅವನ ಜೀವ ಉಳಿಸಿದ್ದು ಒಬ್ಬ ನಾಟಿ ವೈದ್ಯ. ಕಡಲತೀರದ ಸಹವಾಸವೇ ಸಾಕೆಂದು ರೀಸ್ 1835ರಲ್ಲಿ ಗುಡ್ಡ ಹತ್ತಿ ಅಕ್ರೊಪಾಂಗಿಗೆ ಬಂದು ತನ್ನ ಕೈಯಾರೆ ಮರ ಕಡಿದು, ಕಲ್ಲು ಹೊತ್ತು ಮನೆ ಕಟ್ಟಿದ. ಊರವರು ಅವನಿಗೆ ಇಟ್ಟ ಹೆಸರು 'ಒಸಿಯಾದಾನ್', ಮನೆ ಕಟ್ಟುವವ. ಅವನು ಹೇಳಿದ ಪ್ರಸಂಗಗಳಿಗಿಂತ ಅವನ ಮನೆಯೇ ಊರವರಿಗೆ ಹೆಚ್ಚು ಅರ್ಥವಾಗಿರಬೇಕು. ಮುಂದಿನ ನೂರು ವರ್ಷ ಆ ಗುಡ್ಡದ ಮೇಲೆ ನಡೆದದ್ದನ್ನು ನೋಡಿದರೆ ಊರವರ ಅಂದಾಜು ಸರಿಯಾಗಿಯೇ ಇತ್ತು: ಸೆಮಿನರಿಯ ನಿಜವಾದ ಪಾಠ ಇದ್ದದ್ದು ಪುಸ್ತಕಕ್ಕಿಂತ ಹೆಚ್ಚಾಗಿ ಒಟ್ಟಿಗೆ ಇರುವ, ಏಳುವ, ಅಗೆಯುವ, ಉಣ್ಣುವ ಕಟ್ಟುಪಾಡಿನಲ್ಲಿ.

ಆ ಕಟ್ಟುಪಾಡಿನ ತವರು ಬಾಸೆಲ್. ಸ್ವಿಟ್ಜರ್ಲೆಂಡಿನ ಈ ನಗರದಲ್ಲಿ 1815ರಲ್ಲಿ ಹುಟ್ಟಿದ ಮಿಷನ್ನು ತನ್ನ ಪಾದ್ರಿಗಳನ್ನು ತಾನೇ ತರಬೇತು ಮಾಡುತ್ತಿತ್ತು. ಸೇರುತ್ತಿದ್ದವರಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯ ಹಳ್ಳಿಯವರು. ರೈತರ, ನೇಕಾರರ, ಬಡಗಿಗಳ ಮಕ್ಕಳು. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತುವ ಸ್ಥಿತಿ ಇಲ್ಲದವರಿಗೆ ಗ್ರೀಕ್, ಹೀಬ್ರೂ, ವ್ಯಾಕರಣ ಎಲ್ಲ ಸಿಗುತ್ತಿದ್ದದ್ದು ಈ ಮನೆಯಲ್ಲಿ. ಬದಲಿಗೆ ಮನೆ ಕೇಳುತ್ತಿದ್ದದ್ದು ಪೂರ್ಣ ವಿಧೇಯತೆ. ನಸುಕಿನ ಗಂಟೆ, ಪ್ರಾರ್ಥನೆ, ಪಾಠ, ತೋಟದ ಕೆಲಸ, ಮತ್ತೆ ಪಾಠ, ಮತ್ತೆ ಪ್ರಾರ್ಥನೆ. ಇದರ ಮೇಲೆ ಒಂದು ವಿಚಿತ್ರ ವ್ರತವೂ ಇತ್ತು. ಸಹೋದರನ ತಪ್ಪು ಕಣ್ಣಿಗೆ ಬಿದ್ದರೆ ಅದನ್ನು ಅವನ ಮುಖಕ್ಕೆ ಹೇಳಬೇಕು, ತಿದ್ದಿಕೊಳ್ಳದಿದ್ದರೆ ಹಿರಿಯರಿಗೆ ತಿಳಿಸಬೇಕು. ಪ್ರೀತಿಯಿಂದ ಮಾಡುವ ಕೆಲಸ ಎಂದೇ ಅದನ್ನು ಕಲಿಸುತ್ತಿದ್ದರು. ಆದರೆ ಅದೇ ಜನ ಆಫ್ರಿಕಕ್ಕೂ ಭಾರತಕ್ಕೂ ಹೋಗಿ, ಮೂರು ನಾಲ್ಕು ಮಂದಿ ಒಂದೇ ಮನೆಯಲ್ಲಿ ವರ್ಷಗಟ್ಟಲೆ ಇರಬೇಕಾದಾಗ, ಒಬ್ಬರ ಮೇಲೊಬ್ಬರು ಬಾಸೆಲಿಗೆ ಬರೆದು ಕಳಿಸಿದ ದೂರುಗಳು ಮಿಷನ್ನಿನ ದಫ್ತರದಲ್ಲಿ ಕಂತೆ ಕಂತೆಯಾಗಿ ಬಿದ್ದಿವೆ. ಒಟ್ಟಿಗೆ ಬಾಳುವುದನ್ನು ಕಣ್ಗಾವಲಿನಿಂದ ಕಲಿಸಲು ಹೊರಟರೆ ಇದೇ ಆಗುವುದು.

ಈ ಮನೆಯ ಊಟದ ಮೇಜಿಗೆ ಎರಡು ಖಂಡಗಳ ಹುಡುಗರೂ ಬಂದರು. 1844ರಲ್ಲಿ ಮಂಗಳೂರಿನಲ್ಲಿ ದೀಕ್ಷಾಸ್ನಾನ ಪಡೆದ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ ಬಾಸೆಲಿನಲ್ಲಿ ಓದಿ 1851ರಲ್ಲಿ ಊರಿಗೆ ಮರಳಿದರು. ಮುಂದೆ ಮಂಗಳೂರಿನ ಸೆಮಿನರಿಯಲ್ಲಿ ಪಾಠ ಹೇಳಿದರು. ಅವರ ನಂತರ ಕೆಲವೇ ವರ್ಷಗಳಲ್ಲಿ, 1857ರಲ್ಲಿ, ಅಕ್ರೊಪಾಂಗಿನ ರಾಜಮನೆತನದ ಸಂಬಂಧಿ ಡೇವಿಡ್ ಅಸಾಂಟೆ ಅದೇ ಮನೆಗೆ ಓದಲು ಬಂದ. ಒಬ್ಬನ ಹಿಂದೆ ಜಾತಿಯ ಪಂಕ್ತಿ, ಇನ್ನೊಬ್ಬನ ಹಿಂದೆ ಅರಮನೆಯ ಸಾಲು. ಇಬ್ಬರೂ ಒಂದೇ ಮನೆಯ ಕಟ್ಟುಪಾಡಿಗೆ ಒಳಗಾದವರೇ.

ಅಕ್ರೊಪಾಂಗಿನಲ್ಲಿ ಸೆಮಿನರಿ ಹುಟ್ಟಿದ್ದಕ್ಕೆ ಒಂದು ಹಿನ್ನೆಲೆಯುಂಟು. ರೀಸ್ ವರ್ಷಗಟ್ಟಲೆ ಇದ್ದರೂ ಒಬ್ಬನೂ ಕ್ರೈಸ್ತನಾಗಲಿಲ್ಲ. ಅವನು ಗಂಟುಮೂಟೆ ಕಟ್ಟಿದಾಗ ಅರಸ ಅಡ್ಡೊ ಡಾಂಕ್ವಾ ಒಂದು ಮಾತು ಹೇಳಿದನಂತೆ. ಬಿಳಿಯರ ಪುಸ್ತಕ ಬಿಳಿಯರದ್ದೇ ಅಂತ ನಾವು ಅಂದುಕೊಂಡಿದ್ದೇವೆ, ನಮ್ಮ ಹಾಗೆ ಕಪ್ಪಗಿರುವವರಲ್ಲಿ ಅದನ್ನು ಓದಿ ನಂಬುವವರನ್ನು ತೋರಿಸಿದರೆ ನೋಡೋಣ ಎನ್ನುವ ಅರ್ಥದ್ದು. ಮಿಷನ್ನು ಅದನ್ನು ಸವಾಲಾಗಿಯೇ ತೆಗೆದುಕೊಂಡಿತು. 1843ರ ಏಪ್ರಿಲಿನಲ್ಲಿ ರೀಸ್ ಅಟ್ಲಾಂಟಿಕ್ ದಾಟಿಸಿ ಕರೆತಂದದ್ದು ಜಮೈಕ ಮತ್ತು ಆಂಟಿಗುವಾದ ಇಪ್ಪತ್ತನಾಲ್ಕು ಮಂದಿಯನ್ನು. ಆಫ್ರಿಕದಿಂದ ಗುಲಾಮರಾಗಿ ಸಾಗಿಸಲ್ಪಟ್ಟವರ ಸಂತತಿ. ಮೊರೇವಿಯನ್ ಸಭೆಯ ಕ್ರೈಸ್ತರು. ಬಿಡುಗಡೆ ಸಿಕ್ಕಿ ಹೆಚ್ಚು ವರ್ಷವಾಗಿರಲಿಲ್ಲ. ಐದು ವರ್ಷ ಇದ್ದು ನೋಡುವುದು, ಹಿಡಿಸದಿದ್ದರೆ ಮಿಷನ್ ಖರ್ಚಿನಲ್ಲಿ ವಾಪಸು ಎಂಬ ಕರಾರು. ಕೆಲವರು ವಾಪಸಾದರು, ಉಳಿದವರು ಕಲ್ಲಿನ ಮನೆ ಕಟ್ಟಿ ನೆಲೆ ನಿಂತರು. ಅವರು ತಂದ ಸಸಿಗಳಲ್ಲಿ ಮಾವೂ ಇತ್ತು. ನಮ್ಮ ಕಡೆಯ ಮಾವು, 1782ರಲ್ಲಿ ಇಂಗ್ಲಿಷರು ಸೆರೆಹಿಡಿದ ಒಂದು ಫ್ರೆಂಚ್ ಹಡಗಿನಿಂದ ಜಮೈಕ ಸೇರಿ, ಅಲ್ಲಿಂದ ಮತ್ತೆ ಕಡಲು ದಾಟಿ ಅಕ್ರೊಪಾಂಗಿನ ಕ್ರೈಸ್ತ ಕೇರಿಗೆ ನೆರಳಾಯಿತು. ಇಷ್ಟು ಸುತ್ತಾಡಿದ ಹಣ್ಣಿನ ಮರ ಇನ್ನೊಂದಿದೆಯೋ ಇಲ್ಲವೋ.

ಹೊಸ ಶಾಲೆ, ಹೊಸ ಕೇರಿ, ಅದರ ನಡುವೆ ಸೆಮಿನರಿ. ಯೋಹಾನ್ ಗಿಯೋರ್ಗ್ ವಿಡ್ಮನ್ ಮತ್ತು ಡೀಟರ್ಲೆ ಎಂಬ ಇಬ್ಬರು ಪಾದ್ರಿಗಳು ಐದು ಹುಡುಗರನ್ನು ಇಟ್ಟುಕೊಂಡು ಆರಂಭಿಸಿದ ದಿನಚರಿ ಬಾಸೆಲ್ ಮನೆಯದ್ದೇ. ಸೂರ್ಯ ಹುಟ್ಟುವ ಮೊದಲೇ ಗಂಟೆ. ಅಂಗಳ ಗುಡಿಸುವುದು, ನೀರು ಹೊರುವುದು ಮುಗಿದ ಮೇಲೆ ಪ್ರಾರ್ಥನೆ, ಅದಾದ ಮೇಲೆ ಪಾಠ. ಬೈಬಲ್ಲು, ಸಭೆಯ ಇತಿಹಾಸ, ಲೆಕ್ಕ, ಭೂಗೋಳ, ಸಂಗೀತ. ಮೇಲಿನ ತರಗತಿಯವರಿಗೆ ಗ್ರೀಕ್ ಮತ್ತು ಹೀಬ್ರೂ. ಮಧ್ಯಾಹ್ನ ಇಳಿದ ಮೇಲೆ ಗುದ್ದಲಿ, ಕತ್ತಿ ಹಿಡಿದು ತೋಟಕ್ಕೆ. ಭಾನುವಾರ ಸುತ್ತಲ ಹಳ್ಳಿಗಳಿಗೆ ನಡೆದು ಹೋಗಿ ಪ್ರಸಂಗ ಹೇಳಿ ಬರುವುದು. ಹೊಸ ನಿಯಮದಲ್ಲಿ ಹಳೆಯ ಬಾಯಿರುಚಿ ಬದಲಾಗಲಿಲ್ಲ. ಬೇಯಿಸಿದ ಗೆಣಸೋ ಬಾಳೆಕಾಯಿಯೋ ಒರಳಿಗೆ ಹಾಕಿ ಉದ್ದನೆಯ ಒನಕೆಯಿಂದ ಕುಟ್ಟಿ ಕುಟ್ಟಿ ಮಾಡುವ ಫುಫು ಆ ಸೀಮೆಯ ಮುಖ್ಯ ಊಟ. ನಮ್ಮ ರಾಗಿಮುದ್ದೆಯ ಹಾಗೆ ಅದನ್ನೂ ಮುರಿದು ಸಾರಿನಲ್ಲಿ ಅದ್ದಿ ಅಗಿಯದೆ ನುಂಗಬೇಕು. ಗ್ರೀಕ್ ಕ್ರಿಯಾಪದದ ರೂಪಗಳನ್ನು ಬಾಯಿಪಾಠ ಮಾಡಿದ ಹುಡುಗ ಸಂಜೆ ಒನಕೆ ಹಿಡಿಯುತ್ತಿದ್ದ. ಅವನ ತಂದೆಯ ಮನೆಯಲ್ಲಿ ಅದು ಹೆಂಗಸರ, ಕಿರಿಯರ ಕೆಲಸ.

ಕೈಕೆಲಸಕ್ಕೆ ಕೊಟ್ಟ ಒತ್ತಿಗೆ ಎರಡು ಮುಖ. ಒಂದು, ಓದಿದವನು ಮೈಬಗ್ಗಿಸಬಾರದು ಎಂಬ ಹೆಮ್ಮೆಯನ್ನು ಮುರಿಯುವುದು. ಇನ್ನೊಂದು, ಬರೀ ಹೊಟ್ಟೆಪಾಡು; ಮಿಷನ್ನಿಗೆ ದುಡ್ಡು ಸಾಲುತ್ತಿರಲಿಲ್ಲ. ಅದೇ ಯೋಚನೆ ಮಂಗಳೂರಿನಲ್ಲಿ ನೇಯ್ಗೆಯಾಗಿ, 1865ರಿಂದ ಹೆಂಚಿನ ಕಾರ್ಖಾನೆಯಾಗಿ ಬೆಳೆಯಿತು. ಗೋಲ್ಡ್ ಕೋಸ್ಟಿನಲ್ಲಿ ಬಡಗಿ, ಕಮ್ಮಾರ ಕಾರ್ಯಾಗಾರಗಳಾದವು. ಅಂಥ ಒಂದು ಕಾರ್ಯಾಗಾರದಲ್ಲಿ ಕಮ್ಮಾರಿಕೆ ಕಲಿತ ಟೆಟೆ ಕ್ವಾರ್ಶಿ ಎಂಬಾತ 1879ರಲ್ಲಿ ಫರ್ನಾಂಡೊ ಪೋ ದ್ವೀಪದಿಂದ ಕೊಕ್ಕೊ ಬೀಜ ತಂದು ಅಕ್ರೊಪಾಂಗಿನ ನೆರೆಯ ಮಾಂಪಾಂಗಿನಲ್ಲಿ ನೆಟ್ಟ. ಮಿಷನ್ನಿನವರು ಅದಕ್ಕೂ ಮೊದಲೇ ಕೊಕ್ಕೊ ಬೆಳೆಸಲು ಕೈಹಾಕಿದ್ದರು, ಆದರೆ ನಾಡಿನುದ್ದಕ್ಕೂ ಹಬ್ಬಿದ ಬೆಳೆಗೆ ಜನ ಹೇಳುವುದು ಈ ಕಮ್ಮಾರನ ಹೆಸರನ್ನೇ. ದೇಶದ ಆರ್ಥಿಕತೆಯನ್ನೇ ತಿರುಗಿಸಿದ ಬೆಳೆ ಅದು.

ಭಾಷೆಯ ವಿಷಯದಲ್ಲಂತೂ ಈ ಮನೆ ತನ್ನ ಕಾಲಕ್ಕಿಂತ ಮುಂದಿತ್ತು. ಇಂಗ್ಲಿಷ್ ಶಾಲೆಗಳು ಇಂಗ್ಲಿಷ್ ಕಲಿತ ಗುಮಾಸ್ತರನ್ನು ಹಡೆಯುತ್ತಿದ್ದಾಗ ಅಕ್ರೊಪಾಂಗಿನ ಪಾಠ ಊರಿನ ಟ್ವಿ ಭಾಷೆಯಲ್ಲಿ ನಡೆಯುತ್ತಿತ್ತು. 1853ರ ಜನವರಿಯಲ್ಲಿ ಬಂದ ಯೋಹಾನ್ ಗಾಟ್ಲೀಬ್ ಕ್ರಿಸ್ಟಾಲರ್ ಸೆಮಿನರಿಯಲ್ಲಿ ಕಲಿಸುತ್ತಲೇ ವಿದ್ಯಾರ್ಥಿಗಳಿಂದ ಟ್ವಿ ಕಲಿತ. 1871ಕ್ಕೆ ಟ್ವಿ ಬೈಬಲ್ ಪೂರ್ಣಗೊಂಡಿತು. 1875ರಲ್ಲಿ ವ್ಯಾಕರಣ, 1879ರಲ್ಲಿ 3,600 ಗಾದೆಗಳ ಸಂಗ್ರಹ, 1881ರಲ್ಲಿ ದೊಡ್ಡ ನಿಘಂಟು. ಕನ್ನಡಿಗರಿಗೆ ಈ ಕಥೆ ಎಲ್ಲೋ ಕೇಳಿದಂತಿದ್ದರೆ ಆಶ್ಚರ್ಯವಿಲ್ಲ. ಅದೇ 1853ರಲ್ಲಿ ಭಾರತಕ್ಕೆ ಬಂದ ಫರ್ಡಿನಾಂಡ್ ಕಿಟೆಲ್ 1894ರಲ್ಲಿ ಕನ್ನಡ ನಿಘಂಟು ಹೊರತಂದರು. ಇಬ್ಬರೂ ಬಾಸೆಲಿನ ಆ ಮನೆಯಲ್ಲಿ ಕೆಲ ಕಾಲ ಒಟ್ಟಿಗೇ ಇದ್ದವರು. ಇಬ್ಬರ ಕೆಲಸದ ಹಿಂದೆಯೂ ಸ್ಥಳೀಯ ಪಂಡಿತರ, ಶಿಷ್ಯರ ಶ್ರಮವಿದೆ. ಟ್ವಿ ಬೈಬಲಿಗೆ ಡೇವಿಡ್ ಅಸಾಂಟೆ, ತಿಯೋಫಿಲಸ್ ಒಪೊಕು ದುಡಿದರು. ಮುಖಪುಟದ ಮೇಲೆ ಯಾರ ಹೆಸರು ಬಂತು ಎಂಬುದು ಬೇರೆ ಮಾತು. ಎರಡೂ ಕಡೆ ಉತ್ತರ ಒಂದೇ.

ಇಲ್ಲಿಯವರೆಗೆ ಹೇಳಿದ್ದು ಒಳಗಿನ ಒಗ್ಗಟ್ಟು. ಆ ಒಗ್ಗಟ್ಟಿಗೊಂದು ಗೋಡೆಯೂ ಇತ್ತು. ಕ್ರೈಸ್ತರಾದವರು ಹಳೆಯ ಊರು ಬಿಟ್ಟು ಮಿಷನ್ನಿನ ಜಾಗದಲ್ಲಿ ಹೊಸ ಮನೆ ಕಟ್ಟಿಕೊಳ್ಳಬೇಕು. ಆ ಕೇರಿಗೆ ಸಾಲೆಮ್ ಎಂದು ಹೆಸರು. ನೇರ ಬೀದಿ, ಸಾಲು ಮರ, ನಡುವೆ ದೇವಾಲಯ, ಪಕ್ಕದಲ್ಲಿ ಶಾಲೆ. ಸಭಾಹಿರಿಯರು ನ್ಯಾಯ ತೀರಿಸುವರು, ತಪ್ಪಿದವರನ್ನು ಪ್ರಭುಭೋಜನದಿಂದ ದೂರವಿಡುವರು. ಹಲವು ಹೆಂಡಿರ ಮದುವೆ ಇಲ್ಲ, ಹಳೆಯ ರೀತಿಯ ಸಾವಿನ ಆಚರಣೆ ಇಲ್ಲ, ಡೋಲು ಇಲ್ಲ, ಕುಣಿತ ಇಲ್ಲ. 1860ರ ದಶಕದ ಆರಂಭದಿಂದ ಗುಲಾಮರನ್ನು ಇಟ್ಟುಕೊಳ್ಳುವಂತೆಯೂ ಇಲ್ಲ. ಈ ಒಂದು ಕಟ್ಟಳೆಗೆ ಮಾತ್ರ ಯಾರಾದರೂ ಕೈಮುಗಿಯಲೇಬೇಕು. ಮಂಗಳೂರಿನ ಮಿಷನ್ ಹಿತ್ತಿಲುಗಳಲ್ಲೂ ಹೊಸ ಕ್ರೈಸ್ತರಿಗೆ ಮನೆ, ಕೆಲಸ, ಹಿರಿಯರ ಕಣ್ಣು ಎಲ್ಲ ಒಂದೇ ಕಡೆ ಸಿಗುತ್ತಿತ್ತು. ಆದರೆ ಅಲ್ಲಿ ಮತಾಂತರವಾದವನನ್ನು ಜಾತಿಯೇ ಹೊರದಬ್ಬುತ್ತಿತ್ತು, ಮಿಷನ್ನು ಆಶ್ರಯ ಕೊಡುತ್ತಿತ್ತು. ಅಕ್ರೊಪಾಂಗಿನಲ್ಲಿ ಊರು ದಬ್ಬಿರಲಿಲ್ಲ; ಮಿಷನ್ನೇ ಹೊರಕ್ಕೆ ಕರೆಯಿತು. ವರ್ಷಕ್ಕೊಮ್ಮೆ ಒಡ್ವಿರಾ ಹಬ್ಬದಲ್ಲಿ ಹೊಸ ಗೆಣಸು ಬಂದು, ಪೂರ್ವಿಕರ ಪೀಠಗಳ ಶುದ್ಧಿ ನಡೆದು, ಅರಸನ ಮೆರವಣಿಗೆಯ ಡೋಲುಗಳು ಗುಡ್ಡದ ಮೇಲೆಲ್ಲ ಮೊಳಗುವಾಗ ಸೆಮಿನರಿಯ ಹುಡುಗ ಸಾಲೆಮ್ಮಿನಲ್ಲೇ ಇರಬೇಕು. ಆ ಡೋಲು ನುಡಿಸುತ್ತಿದ್ದವರಲ್ಲಿ ಅವನ ಸೋದರಮಾವನೂ ಇದ್ದಿರಬಹುದು. ತಾಯಿಯ ಕಡೆಯಿಂದ ವಂಶ ಎಣಿಸುವ ಅಕಾನ್ ಜನರಲ್ಲಿ ಸೋದರಮಾವ ಎಂದರೆ ತಂದೆಗಿಂತ ಹತ್ತಿರದವನು.

ಕಟ್ಟಳೆ ಬಿಳಿಯರನ್ನೂ ಬಿಡಲಿಲ್ಲ. ಬಾಸೆಲ್ ಪಾದ್ರಿ ಕೆಲವು ವರ್ಷ ಸೇವೆ ಮಾಡಿದ ಮೇಲೆಯೇ ಮದುವೆಗೆ ಅರ್ಜಿ ಹಾಕಬೇಕು. ಹೆಣ್ಣನ್ನು ಒಪ್ಪುವುದು ಬಾಸೆಲಿನ ಆಡಳಿತ ಸಮಿತಿ. ರೋಸಿನಾ ಬಿಂಡರ್ ಎಂಬ ಜರ್ಮನ್ ಹಳ್ಳಿ ಹುಡುಗಿ ತಾನು ಮೊದಲು ನೋಡದ ವಿಡ್ಮನ್ನನನ್ನು ಮದುವೆಯಾಗಲು ಹಡಗು ಹತ್ತಿ 1847ರಲ್ಲಿ ಬಂದಳು. ಅಕ್ರೊಪಾಂಗಿನಲ್ಲಿ ಹೆಣ್ಣುಮಕ್ಕಳ ಪಾಠ ಆರಂಭಿಸಿದಳು. ಉಪದೇಶಿಗೆ ಕ್ರೈಸ್ತ ಹೆಂಡತಿ ಬೇಕು, ಅವಳಿಗೆ ಓದು, ಹೊಲಿಗೆ, ಮನೆವಾರ್ತೆ ಗೊತ್ತಿರಬೇಕು ಎಂಬುದು ಆ ಪಾಠದ ಹಿಂದಿನ ಲೆಕ್ಕ. ಈ ಲೆಕ್ಕಾಚಾರವನ್ನೆಲ್ಲ ಬದಿಗೆ ಸರಿಸಿದವನು ಯೋಹಾನ್ನೆಸ್ ಸಿಮರ್‌ಮನ್. ಸಮಿತಿಯನ್ನು ಕೇಳದೆ 1851ರಲ್ಲಿ ಕ್ಯಾಥರಿನ್ ಮಲ್ಗ್ರೇವ್ ಎಂಬ ಶಿಕ್ಷಕಿಯನ್ನು ಮದುವೆಯಾದ. ಆಕೆ ಅಂಗೋಲದಲ್ಲಿ ಹುಟ್ಟಿ, ಚಿಕ್ಕವಳಿದ್ದಾಗ ಗುಲಾಮರ ಹಡಗಿಗೆ ಸಿಕ್ಕಿ, ಹಡಗು ಒಡೆದು ಜಮೈಕದಲ್ಲಿ ಬೆಳೆದು, 1843ರ ತಂಡದೊಂದಿಗೆ ಆಫ್ರಿಕಕ್ಕೆ ಮರಳಿದವಳು. ಹಿಂದಿನ ಗಂಡನಿಂದ ಬೇರೆಯಾದವಳು, ಇಬ್ಬರು ಮಕ್ಕಳ ತಾಯಿ. ಬಾಸೆಲಿನಲ್ಲಿ ಕೋಲಾಹಲವೆದ್ದಿತು. ಆದರೂ ಸಮಿತಿ ಅವನನ್ನು ಹೊರಹಾಕಲಿಲ್ಲ. ಗಾ ಭಾಷೆಯ ವ್ಯಾಕರಣ, ಬೈಬಲ್ ಎರಡನ್ನೂ ಮಾಡಿಕೊಡುತ್ತಿದ್ದ ಆಳನ್ನು ಕಳೆದುಕೊಳ್ಳಲು ಅದಕ್ಕೂ ಮನಸ್ಸಿರಲಿಲ್ಲವೇನೋ.

ಮೊದಲ ಮಹಾಯುದ್ಧ ಬಂದಾಗ ಬಾಸೆಲಿನವರು ಎರಡೂ ಖಂಡಗಳಲ್ಲಿ ಶತ್ರುದೇಶದವರಾದರು. ಗೋಲ್ಡ್ ಕೋಸ್ಟಿನಿಂದ 1917ರ ಡಿಸೆಂಬರಿನಲ್ಲಿ ಅವರನ್ನು ಹೊರಗೆ ಸಾಗಿಸಲಾಯಿತು. ಮರುವರ್ಷ ಸ್ಕಾಟ್ಲೆಂಡಿನ ಪಾದ್ರಿಗಳು ಬಂದು ಜವಾಬ್ದಾರಿ ಹೊತ್ತರು. ಮಿಷನರಿಗಳಿಲ್ಲದ ಆ ಮಧ್ಯಂತರದಲ್ಲಿ ಸಭೆಗಳನ್ನು ನಡೆಸಿದವರು ಊರಿನ ಪಾದ್ರಿಗಳು, ಸಭಾಹಿರಿಯರು, ಅಂದರೆ ಅಕ್ರೊಪಾಂಗಿನಲ್ಲಿ ಕಸ ಗುಡಿಸಿ ಕಲಿತ ಜನ.

1926ರಲ್ಲಿ ಅಕ್ರೊಪಾಂಗಿನ ಕಾಲೇಜಿಗೆ ಸಂಗೀತ ಮಾಸ್ತರಾಗಿ ಬಂದರು ಎಫ್ರೈಮ್ ಅಮು. 1899ರಲ್ಲಿ ಪೂರ್ವದ ಪೆಕಿ ಎಂಬಲ್ಲಿ ಹುಟ್ಟಿದ, ಎವೆ ಭಾಷೆಯ ಮನುಷ್ಯ. ಅಬೆಟಿಫಿಯ ಸೆಮಿನರಿಯಲ್ಲಿ ಓದಿದವರು. ಹಾರ್ಮೋನಿಯಂ ಕೊಂಡಾಗ ಅದನ್ನು ತಲೆಯ ಮೇಲೆ ಹೊತ್ತು ಕೊಫೊರಿಡುವಾದಿಂದ ಪೆಕಿಯವರೆಗೆ ನಡೆದೇ ಹೋದರೆಂಬ ಕಥೆ ಅಲ್ಲಿ ಶಾಲಾಮಕ್ಕಳಿಗೂ ಗೊತ್ತು. ಅಮು ಅವರ ಸ್ವಭಾವ ಏನೆಂದರೆ ಕಾಲೇಜು ಹೇಳಿಕೊಟ್ಟದ್ದನ್ನು ಪೂರಾ ನಂಬಿ ಕೊನೆಯವರೆಗೆ ಎಳೆದುಕೊಂಡು ಹೋಗುವುದು. ಕೈಕೆಲಸ ದೊಡ್ಡದು ಎಂದಿರಲ್ಲ? ಸರಿ, ತೋಟಕ್ಕೆ ಗೊಬ್ಬರ ಬೇಕು, ಗೊಬ್ಬರ ಕಕ್ಕಸಿನಲ್ಲಿದೆ. ಓದುವ ಹುಡುಗರು ಮೂಗು ಮುಚ್ಚಿಕೊಂಡು ದೂರ ನಿಂತಾಗ ಅಮು ತಾವೇ ಮಲದ ಬಕೆಟ್ಟನ್ನು ಹೊತ್ತರು ಎಂದು ಅವರ ಜೀವನ ಬರೆದವರು ಹೇಳುತ್ತಾರೆ. ನಮ್ಮಲ್ಲಿ ಆ ಬಕೆಟ್ಟಿಗೆ ಜಾತಿ ಅಂಟಿಕೊಂಡಿದೆ. ಅದನ್ನು ಹೊರುವವರು ಬೇರೆ ಕೆಲಸ ಕೇಳುವಂತಿರಲಿಲ್ಲ. ಅಲ್ಲಿ ಅಂಟಿದ್ದದ್ದು ಓದಿದವನ ದೊಡ್ಡಸ್ತಿಕೆ. ಅದನ್ನು ಒಬ್ಬ ಮಾಸ್ತರ ಇಳಿಸಿ ತೋರಿಸಬಹುದಿತ್ತು. ನಮ್ಮಲ್ಲಿ ಅಷ್ಟರಿಂದ ಮುಗಿಯುವುದಿಲ್ಲ ಎಂಬುದನ್ನು ಮರೆತು ಈ ಘಟನೆಯನ್ನು ಮೆಚ್ಚುವುದು ಕಷ್ಟ.

ಸಂಗೀತದಲ್ಲಿ ಅಮು ಕಂಡದ್ದು ಇನ್ನೂ ಆಳವಾದದ್ದು. ಟ್ವಿ, ಎವೆ ಎರಡೂ ಸ್ವರಭೇದದ ಭಾಷೆಗಳು. ಒಂದೇ ಅಕ್ಷರಗಳ ಮಾತನ್ನು ಏರುದನಿಯಲ್ಲಿ ಹೇಳಿದರೆ ಒಂದು, ಇಳಿದನಿಯಲ್ಲಿ ಹೇಳಿದರೆ ಇನ್ನೊಂದು. ಮಿಷನ್ನಿನವರು ಜರ್ಮನ್ ಕೀರ್ತನೆಗಳ ರಾಗಕ್ಕೆ ಟ್ವಿ ಪದಗಳನ್ನು ಹೊಂದಿಸಿದ್ದರು. ರಾಗ ಏರಬೇಕಾದಲ್ಲಿ ಮಾತು ಇಳಿಯಬೇಕು, ಮಾತು ಏರಬೇಕಾದಲ್ಲಿ ರಾಗ ಇಳಿದಿದೆ. ಭಕ್ತಿಯಿಂದ ಹಾಡುತ್ತಿದ್ದ ಸಭೆಯ ಬಾಯಲ್ಲಿ ಅರ್ಥ ಚೂರಾಗುತ್ತಿತ್ತು. ಎಂಬತ್ತು ವರ್ಷ ಭಾಷೆಯನ್ನು ಅಷ್ಟು ಶ್ರದ್ಧೆಯಿಂದ ಕಲಿತ ಮನೆಗೆ ಕಿವಿ ಮಾತ್ರ ಯುರೋಪಿನದ್ದೇ ಉಳಿದಿತ್ತು. ಅಮು ಹಳ್ಳಿಗಳಿಗೆ ಹೋಗಿ ಹಾಡು ಕೇಳಿದರು, ಲಯ ಬರೆದುಕೊಂಡರು, ಮಾತಿನ ಏರಿಳಿತವನ್ನೇ ಹಿಡಿದು ನಡೆಯುವ ಹಾಡುಗಳನ್ನು ನಾಲ್ಕು ದನಿಗಳಿಗೆ ಕಟ್ಟಿದರು. ಬಿದಿರಿನ ಕೊಳಲು ಅಟೆಂಟೆಬೆನ್ನನ್ನು ಹುಡುಗರ ಕೈಗೆ ಕೊಟ್ಟರು. 1929ರ ಅವರ 'ಯೆನ್ ಅರಾ ಅಸಾಸೆ ನಿ' ಇಂದು ಘಾನಾದಲ್ಲಿ ರಾಷ್ಟ್ರಗೀತೆಯಷ್ಟೇ ಮಾನ ಪಡೆದ ಹಾಡು.

ಅಂಥವರು 1931ರಲ್ಲಿ ಒಂದು ಭಾನುವಾರ ಕೋಟು ಪ್ಯಾಂಟು ಬಿಟ್ಟು, ಊರ ಗಂಡಸರ ಹಾಗೆ ಅಗಲ ಬಟ್ಟೆಯನ್ನು ಹೆಗಲ ಮೇಲೆ ಹೊದ್ದು ಪ್ರಸಂಗ ಪೀಠ ಹತ್ತಿದರು. ಉಷ್ಣವಲಯದ ಸೆಕೆಯಲ್ಲಿ ಉಣ್ಣೆಯ ಸೂಟು ಹಾಕಿಕೊಂಡು ಬೆವರುವುದರಲ್ಲಿ ಯಾವ ಕ್ರೈಸ್ತತ್ವ ಇದೆ ಎಂಬುದು ಅವರ ವಾದ. ಸಭೆಗೆ ಅದು ನುಂಗಲಾಗಲಿಲ್ಲ. ಗಮನಿಸಬೇಕಾದ್ದು, ಆ ಹೊತ್ತಿಗೆ ವಿರೋಧಿಸಿದ್ದು ಬಿಳಿಯರಷ್ಟೇ ಅಲ್ಲ. ಊರಿನ ಸಭಾಹಿರಿಯರಿಗೂ ಪಾದ್ರಿಗಳಿಗೂ ಸೂಟು ಎಂದರೆ ಸಾಲೆಮ್ಮಿಗೆ ದಾಟಿ ಬಂದದ್ದರ ಗುರುತು, ಅವರ ಅಜ್ಜಂದಿರು ಸೋದರಮಾವನ ಮನೆ, ಹಬ್ಬ, ಡೋ‌ಲು ಬಿಟ್ಟುಕೊಟ್ಟು ಪಡೆದದ್ದು. ಅದನ್ನು ಒಬ್ಬ ಸಂಗೀತ ಮಾಸ್ತರ ಒಂದು ಬೆಳಗಿನಲ್ಲಿ ತೆಗೆದುಹಾಕುವುದೆಂದರೆ? ಅವರ ಸಂಕಟವನ್ನು ನಕ್ಕು ತಳ್ಳುವುದು ಸುಲಭ, ನ್ಯಾಯವಲ್ಲ. ಮಾತುಕತೆ, ಎಚ್ಚರಿಕೆ ಎಲ್ಲ ಮುಗಿದು 1933ರಲ್ಲಿ ಅಮು ಅಕ್ರೊಪಾಂಗ್ ಬಿಡಬೇಕಾಯಿತು. ಸರ್ಕಾರದ ಅಚಿಮೋಟಾ ಕಾಲೇಜು ಅವರನ್ನು ಕರೆದುಕೊಂಡಿತು. ಮುಂದೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್ಕಿನಲ್ಲೂ ಓದಿ ಬಂದರು. 2002ರಲ್ಲಿ ಘಾನಾ ಹೊರತಂದ ಇಪ್ಪತ್ತು ಸಾವಿರ ಸೇಡಿಯ ನೋಟಿನ ಮೇಲೆ ಅವರದೇ ಚಿತ್ರವಿತ್ತು. ಅಮು ಬದುಕಿದ್ದರೆ ಅಷ್ಟು ದೊಡ್ಡ ನೋಟು ಯಾಕೆ, ಗುದ್ದಲಿ ಕೊಳ್ಳಿ ಅನ್ನುತ್ತಿದ್ದರೇನೋ.

ಪಾದ್ರಿಗಳ ಶಿಕ್ಷಣ ನಿಧಾನಕ್ಕೆ ಅಕ್ರೊಪಾಂಗಿನಿಂದ ಬೇರೆಯಾಯಿತು. 1942ರಲ್ಲಿ ಮೆಥೊಡಿಸ್ಟರೂ ಪ್ರೆಸ್ಬಿಟೇರಿಯನ್ನರೂ ಕೂಡಿ ಕುಮಾಸಿಯಲ್ಲಿ ಟ್ರಿನಿಟಿ ಕಾಲೇಜು ತೆರೆದರು. ಮುಂದೆ ಅದು ಅಕ್ರಾ ಬಳಿಯ ಲೆಗಾನ್‌ಗೆ, ಘಾನಾ ವಿಶ್ವವಿದ್ಯಾಲಯದ ನೆರೆಗೆ ಬಂತು. ಒಂದೇ ಹಾಸ್ಟೆಲು, ಒಂದೇ ಊಟದ ಮನೆ, ಒಂದೇ ಚಾಪೆಲ್ಲು. ಆರಾಧನೆಯ ಪದ್ಧತಿ ಬೇರೆ ಬೇರೆ. ಬೆಂಗಳೂರಿನ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜು 1910ರಿಂದಲೇ ಇಂಥ ಪ್ರಯೋಗ ಮಾಡುತ್ತಿತ್ತು. ವ್ಯತ್ಯಾಸ ಏನೆಂದರೆ ದಕ್ಷಿಣ ಭಾರತದಲ್ಲಿ ಒಟ್ಟಿಗೆ ಓದಿದ ಸಭೆಗಳು 1947ರಲ್ಲಿ ಒಂದಾಗಿ ಸಿಎಸ್‌ಐ ಆದವು. ಘಾನಾದಲ್ಲಿ ಒಟ್ಟಿಗೆ ಓದಿ, ಒಟ್ಟಿಗೆ ಉಂಡು, ತಂತಮ್ಮ ಸಭೆಗೆ ಹೊರಟುಹೋಗುವುದೇ ಇಂದಿಗೂ ರೂಢಿ.

ಹೆಂಗಸರ ಪಾಲಿಗೆ ಈ ಕಾಲೇಜುಗಳು ಬಹುಕಾಲ ಪಾದ್ರಿಯ ಹೆಂಡತಿಯಾಗುವುದನ್ನು ಕಲಿಸುವ ಜಾಗವಾಗಿದ್ದವು. ಗಂಡ ತರಗತಿಯಲ್ಲಿ, ಹೆಂಡತಿ ಹೊಲಿಗೆ ಪಾಠದಲ್ಲಿ. ರೋಸಿನಾ ವಿಡ್ಮನ್ನಳ ಕಾಲದ ಲೆಕ್ಕಾಚಾರವೇ ನೂರು ವರ್ಷ ಸಾಗಿತು. ಅದನ್ನು ಜಗ್ಗಿಸಿದವರಲ್ಲಿ ಮುಖ್ಯರು ಘಾನಾದ ಮೆಥೊಡಿಸ್ಟ್ ದೈವಶಾಸ್ತ್ರಜ್ಞೆ ಮರ್ಸಿ ಅಂಬಾ ಒಡುಯೊಯೆ. 1989ರಲ್ಲಿ ಆಫ್ರಿಕದ ಹಲವು ದೇಶಗಳ ಹೆಂಗಸರನ್ನು ಲೆಗಾನ್‌ನಲ್ಲಿ ಕೂಡಿಸಿ ದೈವಶಾಸ್ತ್ರ ಬರೆಯುವ ಮಹಿಳೆಯರ ಬಳಗವೊಂದನ್ನು ಅವರು ಕಟ್ಟಿದರು. ಟ್ರಿನಿಟಿಯಲ್ಲೇ ಮಹಿಳೆಯರ ಅಧ್ಯಯನಕ್ಕೆ ಒಂದು ಕೇಂದ್ರ ಮಾಡಿದರು. ಗಾದೆಗಳಲ್ಲಿ ಹೆಣ್ಣಿನ ಬಗ್ಗೆ ಏನಿದೆ, ವಿಧವೆಗೆ ಊರು ಏನು ಮಾಡುತ್ತದೆ, ಅದಕ್ಕೆ ಸಭೆ ಯಾಕೆ ಸುಮ್ಮನಿರುತ್ತದೆ ಎಂಬ ಪ್ರಶ್ನೆಗಳು ಪರೀಕ್ಷೆಯ ಪತ್ರಿಕೆಗೆ ಬಂದದ್ದು ಆ ಮೇಲೆ. ಕ್ರಿಸ್ಟಾಲರ್ ಕೂಡಿಸಿಟ್ಟ 3,600 ಗಾದೆಗಳನ್ನು ಹೀಗೂ ಓದಬಹುದೆಂದು ಅವನು ಎಣಿಸಿರಲಾರ.

ಅಕ್ರೊಪಾಂಗಿನ ಹಳೆಯ ಬಾಸೆಲ್ ಕಟ್ಟಡಗಳ ಆವರಣಕ್ಕೆ ದೈವಶಾಸ್ತ್ರ ಇನ್ನೊಂದು ರೂಪದಲ್ಲಿ ಮರಳಿತು. ಫ್ರಾನ್ಸಿನಲ್ಲಿ ಫ್ರೆಂಚ್ ಸಾಹಿತ್ಯ ಓದುವಾಗ ನಾಸ್ತಿಕನಾಗಿದ್ದು ಅಲ್ಲೇ ಕ್ರೈಸ್ತನಾದ ಕ್ವಾಮೆ ಬೆಡಿಯಾಕೊ 1987ರಲ್ಲಿ ಇಲ್ಲಿ ಒಂದು ಸಂಶೋಧನ ಕೇಂದ್ರ ಆರಂಭಿಸಿದರು. ಅದಕ್ಕೆ ಇಟ್ಟ ಹೆಸರು ಅಕ್ರೊಫಿ-ಕ್ರಿಸ್ಟಾಲರ್. ಟ್ವಿ ಭಾಷೆಗೆ ಟ್ವಿಯಲ್ಲೇ ವ್ಯಾಕರಣ ಬರೆದ, ಅಮು ಅವರ ಕಾಲದ ಮಾಸ್ತರ ಸಿ.ಎ. ಅಕ್ರೊಫಿ ಒಬ್ಬರು, ಬಾಸೆಲಿನ ಕ್ರಿಸ್ಟಾಲರ್ ಇನ್ನೊಬ್ಬರು. ಗ್ರಂಥಾಲಯಕ್ಕೆ, ಸಮಿತಿಯನ್ನು ಕೇಳದೆ ಮದುವೆಯಾದ ಆ ಸಿಮರ್‌ಮನ್ನನ ಹೆಸರು. ಆಫ್ರಿಕದ ಬೇರೆ ಬೇರೆ ದೇಶಗಳಿಂದ ಬಂದವರು ಇಲ್ಲಿ ಉಳಿದು ಓದುತ್ತಾರೆ. ಬೈಬಲನ್ನು ಅವರವರ ತಾಯ್ನುಡಿಯಲ್ಲಿ ಓದಿ ಚರ್ಚಿಸುವುದು ಆ ಮನೆಯ ಮುಖ್ಯ ರೂಢಿ. ಒಂದೇ ವಚನವನ್ನು ಟ್ವಿ, ಗಾ, ಎವೆ ಭಾಷೆಗಳವರು ಓದಿ ಮೂರು ದಾರಿ ಹಿಡಿದು, ಸಂಜೆ ಒಂದೇ ಊಟದ ಮನೆಯಲ್ಲಿ ಅದೇ ವಾದ ಮುಂದುವರಿಸುತ್ತಾರೆ. ಪೂರ್ವಿಕರನ್ನು ಕ್ರೈಸ್ತನೊಬ್ಬ ಹೇಗೆ ನೆನೆಯಬೇಕು ಎಂಬುದು ಸಾಲೆಮ್ಮಿನಲ್ಲಿ ಕೇಳಬಾರದ ಪ್ರಶ್ನೆಯಾಗಿತ್ತು. ಬೆಡಿಯಾಕೊ ತಮ್ಮ ಬರಹಗಳ ನಡುಗಂಬವಾಗಿ ನಿಲ್ಲಿಸಿಕೊಂಡದ್ದು ಅದನ್ನೇ. 2008ರಲ್ಲಿ ತೀರಿಕೊಳ್ಳುವವರೆಗೂ ಅವರು ತಮ್ಮ ಓದುಗರ ಮುಂದೆ ಮತ್ತೆ ಮತ್ತೆ ಇಟ್ಟ ಪುಸ್ತಕವೊಂದಿದೆ: 1981ರಲ್ಲಿ ಅಕ್ರಾದಲ್ಲಿ ಅಚ್ಚಾದ ಅಫುವಾ ಕುಮಾ ಎಂಬಾಕೆಯ ಟ್ವಿ ಪ್ರಾರ್ಥನೆ, ಸ್ತುತಿಗಳ ಸಂಗ್ರಹ. ಅರಸರ ಆಸ್ಥಾನದಲ್ಲಿ ಹೊಗಳುಭಟರು ಬಳಸುವ ಬಿರುದು, ಕಾಡು, ಬೇಟೆ, ಡೋಲು ಎಲ್ಲವನ್ನೂ ಆಕೆ ಎಗ್ಗಿಲ್ಲದೆ ಯೇಸುವಿಗೆ ಹಚ್ಚಿದ್ದಾಳೆ. ಆಕೆ ಕ್ವಾಹು ಬೆಟ್ಟದ ಕಡೆಯ ರೈತಮಹಿಳೆ, ಸೂಲಗಿತ್ತಿ. ಓದು ಬರಹ ಬಾರದು, ಯಾವ ಸೆಮಿನರಿಯ ಗಂಟೆಗೂ ಎದ್ದವಳಲ್ಲ. ಪದವಿ ಪಡೆದ ಪಾದ್ರಿಗಳು ಆಕೆಯ ಮಾತಿಗೆ ಅಡಿಟಿಪ್ಪಣಿ ಬರೆಯುತ್ತಿದ್ದಾರೆ.